ಕಳೆದುಹೋದ 63 ರೂಪಾಯಿ, ಅರ್ಧ ಚಮಚ ಉಪ್ಪು, ಸಾರಿಗೆ ಬಿದ್ದ ಹಲ್ಲಿ

ಪ್ರಶ್ನೆ: ನಮ್ಮ ಸಂಘದ ಲೆಕ್ಕ ತಾಳೆಯಾಗುತ್ತಿಲ್ಲ. ಪುಸ್ತಕಕ್ಕೂ ಪೆಟ್ಟಿಗೆಯಲ್ಲಿರುವ ದುಡ್ಡಿಗೂ 63 ರೂಪಾಯಿ ವ್ಯತ್ಯಾಸ. ಮೂರು ಸಲ ಕೂಡಿದರೂ ಅಷ್ಟೇ ಬರುತ್ತದೆ. ನಿವೃತ್ತ ಗುಮಾಸ್ತರೊಬ್ಬರು 'ಒಂಬತ್ತರಿಂದ ಭಾಗಿಸಿ ನೋಡಮ್ಮ' ಎಂದು ಹೇಳಿ ಹೋದರು. ಏನದು? — ಖಜಾಂಚಿ, ಅರಕಲಗೂಡು

ಸರಿಯಾಗಿಯೇ ಹೇಳಿದ್ದಾರೆ. ಮೂರು ಸಲ ಕೂಡಿದರೂ ಅದೇ ಮೊತ್ತ ಬಂತೆಂದರೆ ತಪ್ಪು ಕೂಡುವುದರಲ್ಲಿಲ್ಲ, ಬರೆದುಕೊಳ್ಳುವುದರಲ್ಲಿದೆ. ಚೀಟಿಯಿಂದ ಪುಸ್ತಕಕ್ಕೆ ಇಳಿಸುವಾಗ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಬಿಡಿಸ್ಥಾನದ ಅಂಕಿ ಹತ್ತರ ಸ್ಥಾನಕ್ಕೆ ಹೋದರೆ ಅದರ ಬೆಲೆಗೆ ಅದರದೇ 9 ಪಟ್ಟು ಸೇರುತ್ತದೆ. ಹತ್ತರಿಂದ ಬಿಡಿಗೆ ಇಳಿದ ಅಂಕಿ ತನ್ನ 9 ಪಟ್ಟು ಕಳೆದುಕೊಳ್ಳುತ್ತದೆ. ಕಳೆದು ಉಳಿಯುವುದು ಆ ಎರಡು ಅಂಕಿಗಳ ಅಂತರದ 9 ಪಟ್ಟು.

63ನ್ನು 9ರಿಂದ ಭಾಗಿಸಿದರೆ 7. ಹಾಗಾಗಿ ಪುಸ್ತಕವನ್ನೆಲ್ಲ ತಡಕಬೇಡಿ. ಕೊನೆಯ ಎರಡು ಅಂಕಿಗಳ ನಡುವೆ 7ರ ಅಂತರ ಇರುವ ಮೊತ್ತಗಳನ್ನಷ್ಟೇ ನೋಡಿ, ಅಂದರೆ 07, 70, 18, 81, 29, 92ರಲ್ಲಿ ಮುಗಿಯುವವು. 1,329ರ ಚೀಟಿ ಪುಸ್ತಕದಲ್ಲಿ 1,392 ಆಗಿ ಕೂತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ವ್ಯತ್ಯಾಸ 540 ಆಗಿದ್ದರೆ? 9ರಿಂದ ಭಾಗಿಸಿದರೆ 60. ಕೊನೆಗೊಂದು ಸೊನ್ನೆ ಇದೆಯಾದ್ದರಿಂದ ಅದಲುಬದಲಾಗಿರುವುದು ನೂರು ಮತ್ತು ಹತ್ತರ ಸ್ಥಾನ. ಅಂಕಿಗಳ ಅಂತರ 6. ಉದಾಹರಣೆಗೆ 2,174 ಹೋಗಿ 2,714 ಆಗಿದೆ. ವ್ಯತ್ಯಾಸ 405 ಬಂದರೆ ಭಾಗಲಬ್ಧ 45, ಸೊನ್ನೆಯಲ್ಲದ ಎರಡು ಅಂಕಿ. ಅಲ್ಲಿ ಸೊನ್ನೆ ನುಂಗಿದ ಗುಮಾನಿ ಇಟ್ಟುಕೊಳ್ಳಿ: 450 ಬರೆಯುವಲ್ಲಿ 45 ಬರೆದಿದ್ದಾರೆ.

9ರಿಂದ ಭಾಗವಾಗದಿದ್ದರೆ ಇನ್ನೆರಡು ದಾರಿಯಿದೆ. ವ್ಯತ್ಯಾಸದಷ್ಟೇ ಮೊತ್ತದ ಚೀಟಿ ಬಿಟ್ಟುಹೋಗಿದೆಯೇ ನೋಡಿ. ಅದೂ ಇಲ್ಲವಾದರೆ ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತ ಹುಡುಕಿ. ಜಮಾ ಕಡೆ ಬರೆಯಬೇಕಾದ್ದನ್ನು ಖರ್ಚಿನ ಕಡೆ ಬರೆದರೆ ವ್ಯತ್ಯಾಸ ಎರಡರಷ್ಟಾಗುತ್ತದೆ. ನಿಮ್ಮ 63 ಬೆಸಸಂಖ್ಯೆ, ಪೈಸೆ ಇಲ್ಲದ ಲೆಕ್ಕವಾದರೆ ಈ ತಪ್ಪು ಆಗಿರಲಾರದು.

ಒಂದು ಎಚ್ಚರಿಕೆ: ಯಾವುದೋ ಬೇರೆ ತಪ್ಪಿನಿಂದ ಬಂದ ವ್ಯತ್ಯಾಸವೂ ಒಂಬತ್ತರಲ್ಲಿ ಒಂದು ಸಲ ಸುಮ್ಮನೆ 9ರಿಂದ ಭಾಗವಾಗಿಬಿಡುತ್ತದೆ. ಅದಲುಬದಲಾದ ಚೀಟಿ ಕೈಗೆ ಸಿಗುವವರೆಗೆ ಪುಸ್ತಕ ತಿದ್ದಬೇಡಿ.

ಗುಣಾಕಾರ ಸರಿಯೇ ಎಂದು ನೋಡಲು ಅಂಕಿಗಳನ್ನು ಕೂಡಿ 9 ಕಳೆಯುವ ಹಳೆಯ ಪರೀಕ್ಷೆ ನಿಮಗೆ ಗೊತ್ತಿರಬಹುದು. 347 × 28 = 9,716. 347ರ ಅಂಕಿ ಕೂಡಿದರೆ 14, ಮತ್ತೆ ಕೂಡಿದರೆ 5. 28ಕ್ಕೆ 1. ಐದೊಂದ್ಲ ಐದು. 9,716ಕ್ಕೂ 23, ಅಂದರೆ 5. ಸರಿಹೋಯಿತು. ಆದರೆ ಉತ್ತರವನ್ನು 9,761 ಎಂದು ಬರೆದರೂ ಈ ಪರೀಕ್ಷೆ ಪಾಸು! ಅದಲುಬದಲಿನ ವ್ಯತ್ಯಾಸ 9ರ ಗುಣಕವಾದ್ದರಿಂದ ಅದು ಇದರ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಹಿಡಿಯಲು 11ರ ಪರೀಕ್ಷೆ ಬೇಕು. ಬಲಗಡೆಯಿಂದ ಒಂದಂಕಿ ಕೂಡಿ ಮುಂದಿನದನ್ನು ಕಳೆಯುತ್ತ ಹೋಗಿ. 347ಕ್ಕೆ 7−4+3 = 6, 28ಕ್ಕೆ 8−2 = 6. ಆರಾರಲ ಮೂವತ್ತಾರು, ಅದಕ್ಕೆ 6−3 = 3. 9,716ಕ್ಕೆ 6−1+7−9 = 3. ಸರಿ. 9,761ಕ್ಕೆ 1−6+7−9 = −7, ಅದಕ್ಕೆ 11 ಸೇರಿಸಿದರೆ 4. ಕಳ್ಳ ಸಿಕ್ಕಿದ.

ಪ್ರಶ್ನೆ: ಹಾಗಾದರೆ ಫಾರಂ ತುಂಬುವಾಗ ಆಧಾರ್ ಸಂಖ್ಯೆಯ ಒಂದಂಕಿ ತಪ್ಪಿದರೂ ಕಂಪ್ಯೂಟರ್ ತಕ್ಷಣ 'ತಪ್ಪು' ಅನ್ನುವುದೂ ಇದೇ ಲೆಕ್ಕವೇ? — ಸೈಬರ್ ಸೆಂಟರ್ ನಡೆಸುವವರು, ಹಿರಿಯೂರು

ಅದೇ ಜಾತಿಯದು, ಇನ್ನಷ್ಟು ಬಿಗಿ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ನಿಮ್ಮ ಗುರುತಲ್ಲ, ಹಿಂದಿನ 11 ಅಂಕಿಗಳಿಂದ ಲೆಕ್ಕ ಹಾಕಿ ತೆಗೆದ ಕಾವಲುಗಾರ. ಇದಕ್ಕೆ ಬಳಸುವುದು ನೆದರ್‌ಲೆಂಡ್ಸಿನ ವರ್ಹೂಫ್ 1969ರಲ್ಲಿ ಕೊಟ್ಟ ವಿಧಾನ. ಯಾವುದೇ ಒಂದಂಕಿ ತಪ್ಪಿದರೂ, ಅಕ್ಕಪಕ್ಕದ ಯಾವುದೇ ಎರಡು ಅಂಕಿ ಅದಲುಬದಲಾದರೂ ಅದು ಹಿಡಿಯುತ್ತದೆ. ಬ್ಯಾಂಕ್ ಕಾರ್ಡುಗಳಲ್ಲಿರುವ ಲೂನ್ ವಿಧಾನ ಇದಕ್ಕಿಂತ ಸರಳ, ಕೈಯಲ್ಲೇ ಮಾಡಬಹುದು. ಆದರೆ 09 ಹೋಗಿ 90 ಆದರೆ ಅದಕ್ಕೆ ಗೊತ್ತಾಗುವುದಿಲ್ಲ. ಇಷ್ಟು ನೆನಪಿರಲಿ: ಪರೀಕ್ಷೆ ಪಾಸಾದರೆ ಸಂಖ್ಯೆಯ ಕಟ್ಟೋಣ ಸರಿಯಿದೆ ಎಂದಷ್ಟೇ ಅರ್ಥ. ಆ ಸಂಖ್ಯೆಯ ಮನುಷ್ಯ ಇದ್ದಾನೆಯೇ, ಎದುರಿಗೆ ಕೂತವನು ಅವನೇ ಹೌದೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಪ್ರಶ್ನೆ: ಮಗುವಿಗೆ ಭೇದಿಯಾದಾಗ ಸಕ್ಕರೆ-ಉಪ್ಪಿನ ನೀರು ಕೊಡಿ ಅನ್ನುತ್ತಾರೆ. ಎಷ್ಟಕ್ಕೆ ಎಷ್ಟು? ಸಕ್ಕರೆ ಯಾಕೆ ಬೇಕು, ಉಪ್ಪು ನೀರೇ ಸಾಲದೆ? — ಒಬ್ಬ ತಾಯಿ, ಮಾನ್ವಿ

ಮೊದಲು ಅಳತೆ. ಕಾಯಿಸಿ ಆರಿಸಿದ 1 ಲೀಟರ್ ನೀರು, 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಪುಡಿ ಉಪ್ಪು. ಚಮಚ 5 ಮಿ.ಲೀ.ನದಾಗಿರಬೇಕು. ಮಗುವಿನ ಸಿರಪ್ಪಿನ ಜೊತೆ ಬರುವ ಮುಚ್ಚಳದಲ್ಲಿ 5ರ ಗೀರು ಇರುತ್ತದೆ, ಅದು ಮನೆಯ ಚಮಚಕ್ಕಿಂತ ನಂಬಿಕಸ್ಥ. ಗೋಪುರ ಮಾಡಿ ತುಂಬಬೇಡಿ. ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟಸ ಎಳೆಯಿರಿ. ಕಲಸಿದ ಮೇಲೆ ನಾಲಿಗೆಗೆ ಹಾಕಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದು ಮಾಡಿ.

ಈಗ ಸಕ್ಕರೆಯ ಸಂಗತಿ. ಕರುಳಿಗೆ ನೀರನ್ನು ನೇರವಾಗಿ ಎಳೆದುಕೊಳ್ಳುವ ಶಕ್ತಿಯಿಲ್ಲ. ಉಪ್ಪಿನ ಸೋಡಿಯಂ ಒಳಗೆ ಹೋದರೆ ನೀರು ಅದರ ಬೆನ್ನಿಗೆ ಹೋಗುತ್ತದೆ. ಕಾಲರಾದಂಥ ಭೇದಿಯಲ್ಲಿ ಸೋಡಿಯಂ ಒಂಟಿಯಾಗಿ ಒಳಹೋಗುವ ದಾರಿ ಕೆಟ್ಟಿರುತ್ತದೆ. ಆದರೆ ಸಕ್ಕರೆ ಒಡೆದು ಬರುವ ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಯಾಗಿ ಮಾತ್ರ ಒಳಬಿಡುವ ಇನ್ನೊಂದು ಬಾಗಿಲು ಕರುಳಿನ ಗೋಡೆಯಲ್ಲಿದೆ, ಭೇದಿಯಲ್ಲೂ ಅದು ಕೆಲಸ ಮಾಡುತ್ತಿರುತ್ತದೆ. ಒಂದು ಗ್ಲೂಕೋಸ್ ಕಣಕ್ಕೆ ಎರಡು ಸೋಡಿಯಂ. ಬರೀ ಉಪ್ಪು ನೀರು ಕೊಟ್ಟರೆ ಆ ಬಾಗಿಲು ತೆರೆಯುವುದಿಲ್ಲ. ಸಕ್ಕರೆ ಹೆಚ್ಚಾದರೆ ಬೇರೆ ಕಷ್ಟ: ಹೀರದೆ ಉಳಿದ ಸಕ್ಕರೆ ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಸೋಡಾ, ಡಬ್ಬಿ ಜ್ಯೂಸು, ಶಕ್ತಿಪೇಯ ಬೇಡ ಎನ್ನುವುದು ಇದಕ್ಕೇ. ಎಳನೀರಿನಲ್ಲಿ ಪೊಟ್ಯಾಶಿಯಂ ಇದೆ, ಸೋಡಿಯಂ ತೀರ ಕಡಿಮೆ. ಜೊತೆಗೆ ಕೊಡಬಹುದು, ಇದರ ಬದಲಿಗಲ್ಲ. ಉಪ್ಪು ಹಾಕಿದ ಅಕ್ಕಿ ಗಂಜಿ, ಉಪ್ಪು ಮಜ್ಜಿಗೆ ಎರಡೂ ಒಳ್ಳೆಯವೇ.

1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡ್ರಿಪ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ಅವರ ಉಸ್ತುವಾರಿಯಲ್ಲಿ 3.6ಕ್ಕೆ ಇಳಿಯಿತು. ನಾವು ಈಗ ಮೆಡಿಕಲ್ಲಿನಲ್ಲಿ ಕೊಳ್ಳುವ ಓಆರ್‌ಎಸ್ ಪುಡಿ ಅದರ ವಾರಸುದಾರ. ಇಂದಿನ ಅಳತೆ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಶಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಮನೆಯ ನೀರಿನಲ್ಲಿ ಕೊನೆಯ ಎರಡು ಇಲ್ಲವಾದ್ದರಿಂದ ಪುಡಿ ಸಿಗುವಾಗ ಪುಡಿಯೇ ಲೇಸು.

ತಪ್ಪು ನಡೆಯುವುದು ಪೊಟ್ಟಣದಲ್ಲೇ. ಲೀಟರಿನ ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯುತ್ತಾರೆ. ಉಪ್ಪು ಐದು ಪಟ್ಟಾಗಿ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಅಪಾಯವಾಗುತ್ತದೆ. 200 ಮಿ.ಲೀ.ಗೆಂದೇ ಇರುವ ಸಣ್ಣ ಪೊಟ್ಟಣವನ್ನು ಲೀಟರಿಗೆ ಹಾಕಿದರೆ ಬರೀ ನೀರು ಕುಡಿಸಿದಂತೆ. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಎಂದು ಬರೆದಿರುತ್ತದೆ, ಓದಿ. ಪೊಟ್ಟಣ ಅರ್ಧ ಮಾಡಿ ಬಳಸಬೇಡಿ, ಒಳಗಿನ ಪುಡಿಗಳು ಸಮವಾಗಿ ಬೆರೆತಿರುವುದಿಲ್ಲ. ಹಾಲಿಗೆ ಹಾಕಬೇಡಿ. ಕಲಸಿದ ಮೇಲೆ ಕುದಿಸಬೇಡಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ನೀರುಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ. ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಹೋದರೆ, ಆರು ಗಂಟೆ ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲು ಒಲ್ಲೆನೆಂದರೆ ಲೋಟ ಕೆಳಗಿಟ್ಟು ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣಾಗ ನೀರು ಬರ್ತಾವ. ಬಳ್ಳೊಳ್ಳಿ ಹೆಚ್ಚಿದ್ರ ಯಾಕ ಬರಂಗಿಲ್ಲ? — ಗದಗ

ಎರಡರಲ್ಲೂ ಗಂಧಕದ ಸಂಯುಕ್ತಗಳಿವೆ, ಹೆಚ್ಚಿದಾಗ ಎರಡರಲ್ಲೂ ಜೀವಕೋಶ ಒಡೆದು ಕಿಣ್ವಗಳು ಅವುಗಳ ಮೇಲೆ ಬೀಳುತ್ತವೆ. ಉಳ್ಳಾಗಡ್ಡಿಯಲ್ಲಿ ಇನ್ನೊಂದು ಕಿಣ್ವ ಹೆಚ್ಚಿಗೆ ಇದೆ, ಜಪಾನಿನ ವಿಜ್ಞಾನಿಗಳು 2002ರಲ್ಲಿ ಗುರುತಿಸಿದ್ದು. ಹಾರಿ ಬಂದು ಕಣ್ಣು ಉರಿಸುವ ಅನಿಲ ಅದರ ಕೈಕೆಲಸ. ಬಳ್ಳೊಳ್ಳಿಯಲ್ಲಿ ಅದಿಲ್ಲ. ಹೆಚ್ಚುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಕಿಣ್ವವೂ ಮಂದ, ಅನಿಲ ಹಾರುವುದೂ ಕಡಿಮೆ. ಮೊಂಡು ಚಾಕು ಕೋಶಗಳನ್ನು ಜಜ್ಜುತ್ತದೆ, ಹರಿತವಾದದ್ದು ಹಿಡಿಯಿರಿ. ಫ್ಯಾನು ನಿಮ್ಮ ಬೆನ್ನ ಕಡೆಯಿಂದ ಬೀಸುವಂತಿರಲಿ.

ಪ್ರಶ್ನೆ: ಹಾಸ್ಟೆಲಿನ ಸಾರಿನಲ್ಲಿ ಹಲ್ಲಿ ಬಿದ್ದು ಮಕ್ಕಳು ಆಸ್ಪತ್ರೆ ಸೇರಿದ ಸುದ್ದಿ ಆಗಾಗ ಓದುತ್ತೇವೆ. ಹಲ್ಲಿ ಅಷ್ಟು ವಿಷವೇ? ಗೋಡೆ ಹಿಡಿದು ಓಡುವ ಪ್ರಾಣಿ ಬೀಳುವುದಾದರೂ ಯಾಕೆ? — ಬಿಸಿಯೂಟದ ಅಡುಗೆಯವರು, ಸಿಂದಗಿ

ನಮ್ಮ ಮನೆಹಲ್ಲಿಗೆ ವಿಷದ ಗ್ರಂಥಿಯೇ ಇಲ್ಲ. ಅದರ ಕರುಳು, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಭಯ ಅಷ್ಟಕ್ಕೇ. ಕುದಿಯುವ ಸಾರಿಗೆ ಬಿದ್ದರೆ ಅದೂ ಸಾಯುತ್ತದೆ. ಆರಿದ ಸಾರಿಗೆ ಬಿದ್ದು ಗಂಟೆಗಟ್ಟಲೆ ಕೂತರೆ ಬೆಳೆಯುತ್ತದೆ. ಯಾವಾಗ ಬಿತ್ತೋ ಗೊತ್ತಾಗುವುದಿಲ್ಲವಾದ್ದರಿಂದ ಇಡೀ ಪಾತ್ರೆ ಚೆಲ್ಲುವುದೇ ಸರಿ. ಮತ್ತೆ ಕುದಿಸಿ ಬಡಿಸುವ ಜಾಣತನ ಬೇಡ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ನಂಜು ಕುದಿಸಿದರೂ ಹೋಗುವುದಿಲ್ಲ.

ಗಡಿಯಾರ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಸಾಲ್ಮೊನೆಲ್ಲಾ ಹೊಟ್ಟೆ ಕೆಡಿಸಲು ಕನಿಷ್ಠ ಆರು ಗಂಟೆ ಬೇಕು. ಕೆಟ್ಟ ಅನ್ನ, ಹಾಲಿನ ಪದಾರ್ಥದಲ್ಲಿ ಮೊದಲೇ ಸೇರಿದ ನಂಜಾದರೆ ಅರ್ಧ ಗಂಟೆಯಿಂದ ಆರೆಂಟು ಗಂಟೆಯೊಳಗೆ ವಾಂತಿ. ಹಲ್ಲಿ ಕಂಡ ಹತ್ತು ನಿಮಿಷಕ್ಕೆ ಸಾಲಿಡೀ ವಾಂತಿ ಮಾಡಿದರೆ ಬಹುಪಾಲು ಅದು ಹೇಸಿಗೆ ಮತ್ತು ಹೆದರಿಕೆ. ಒಬ್ಬ ಕಾರಿದ್ದನ್ನು ನೋಡಿ ಇನ್ನೊಬ್ಬ ಕಾರುತ್ತಾನೆ. ಹಾಗೆಂದು ಮಕ್ಕಳನ್ನು ಗದರಿ ಸುಮ್ಮನಾಗಿಸಬಾರದು, ವೈದ್ಯರಿಗೆ ತೋರಿಸಲೇಬೇಕು. ನಮ್ಮ ತಕರಾರು ಬೇರೆ: ಹಲ್ಲಿ ಸಿಕ್ಕಿತೆಂದರೆ ತನಿಖೆ ಅಲ್ಲಿಗೇ ನಿಲ್ಲುತ್ತದೆ. ನೀರಿನ ತೊಟ್ಟಿ, ಬೆಳಗ್ಗೆ ಮಾಡಿ ಮಧ್ಯಾಹ್ನ ಬಡಿಸಿದ ಪಲ್ಯ, ಕೈ ತೊಳೆಯದ ಬಡಿಸುವವರು, ಇವನ್ನು ಯಾರೂ ಕೇಳುವುದಿಲ್ಲ.

ಹಲ್ಲಿಯ ಪಾದದಲ್ಲಿ ಅಂಟೂ ಇಲ್ಲ, ಹೀರುಬಟ್ಟಲೂ ಇಲ್ಲ. ಬೆರಳಡಿಯ ಮಡಿಕೆಗಳಲ್ಲಿ ಲಕ್ಷಾಂತರ ಸೂಕ್ಷ್ಮ ರೋಮಗಳಿವೆ, ಒಂದೊಂದರ ತುದಿಯೂ ನೂರಾರು ಕವಲು. ಅವು ಗೋಡೆಗೆ ಎಷ್ಟು ಹತ್ತಿರ ಹೋಗುತ್ತವೆಂದರೆ ಅಣುಗಳ ನಡುವಿನ ದುರ್ಬಲ ಸೆಳೆತವೇ ಕೂಡಿ ಮೈಭಾರ ಹೊರುತ್ತದೆ. ಬೀಳುವುದು ಸಾಮಾನ್ಯವಾಗಿ ಎರಡು ಗಂಡುಗಳ ಜಗಳದಲ್ಲಿ, ಇಲ್ಲವೇ ಹುಳದ ಮೇಲೆ ಎಗರುವಾಗ. ಆದ್ದರಿಂದ ಒಲೆಯ ನೆತ್ತಿಯ ಮೇಲೆ ದೀಪ ಬೇಡ. ದೀಪಕ್ಕೆ ಹುಳ, ಹುಳಕ್ಕೆ ಹಲ್ಲಿ. ದೀಪವನ್ನು ಎದುರು ಗೋಡೆಗೆ ಸರಿಸಿ, ಪಾತ್ರೆಗೆ ಸದಾ ಮುಚ್ಚಳ ಹಾಕಿ. ಇನ್ನು ಅದು ಲೊಚಗುಟ್ಟುವುದು ನಮ್ಮ ಮಾತು ನಿಜವೆಂದು ಸಾಕ್ಷಿ ನುಡಿಯಲಿಕ್ಕಲ್ಲ, ಈ ಗೋಡೆ ತನ್ನದು ಎಂದು ಇನ್ನೊಂದು ಹಲ್ಲಿಗೆ ಹೇಳಲಿಕ್ಕೆ.

ಪ್ರಶ್ನೆ: ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹೆದರಿ ನಮ್ಮೂರಲ್ಲಿ ನಾಟಿ ಔಷಧಕ್ಕೇ ಹೋಗುತ್ತಾರೆ. ಈಗಲೂ ಅಷ್ಟು ಬೇಕೇ? — ಅಂಗನವಾಡಿ ಕಾರ್ಯಕರ್ತೆ, ಹೆಗ್ಗಡದೇವನಕೋಟೆ

ಇಲ್ಲ. ಅದು ಕುರಿಯ ಮಿದುಳಿನ ಅಂಗಾಂಶದಿಂದ ಮಾಡುತ್ತಿದ್ದ ಹಳೆಯ ಲಸಿಕೆ, ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೇ ನಿಂತಿತು. ಈಗಿನದು ತೋಳಿಗೆ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದ ಪದರದೊಳಗೆ ಕೊಡುವ ಕ್ರಮವಾದರೆ 0, 3, 7, 28; ಪ್ರತಿ ಸಲ ಎರಡು ತೋಳಿಗೂ 0.1 ಮಿ.ಲೀ. ಸೊನ್ನೆಯ ದಿನವೆಂದರೆ ಮೊದಲ ಲಸಿಕೆಯ ದಿನ, ಕಚ್ಚಿದ ದಿನವಲ್ಲ. ತಿಂಗಳ 2ಕ್ಕೆ ಮೊದಲನೆಯದಾದರೆ ಮುಂದಿನವು 5, 9 ಮತ್ತು 30ಕ್ಕೆ. ಮೂರನೆಯದಾದ ಮೇಲೆ 'ಗಾಯ ಮಾಯಿತಲ್ಲ' ಎಂದು ಬಿಡುವವರೇ ಹೆಚ್ಚು, ಕ್ಯಾಲೆಂಡರಿನಲ್ಲಿ ನೀವೇ ಸುತ್ತು ಹಾಕಿಕೊಡಿ.

ಲಸಿಕೆಗೂ ಮೊದಲಿನ ಕೆಲಸ ನಲ್ಲಿಯ ಕೆಳಗೆ: ಹರಿಯುವ ನೀರು, ಸೋಪು, 15 ನಿಮಿಷ. ರೇಬೀಸ್ ವೈರಾಣುವಿನ ಹೊದಿಕೆ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಅರಿಶಿನ, ಸುಣ್ಣ, ಖಾರದಪುಡಿ ಹಾಕಿದರೆ ಗಾಯ ಕೆರಳುವುದಷ್ಟೇ ಲಾಭ. ಹಲ್ಲು ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಬೇಕು, ಕೇಳಿ ಹಾಕಿಸಿಕೊಳ್ಳಿ. ಲಸಿಕೆಯ ಶಕ್ತಿ ಮೈಯಲ್ಲಿ ಹುಟ್ಟಲು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಕಾಪಾಡುವುದು ಇದು. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚುವಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ತಿಳಿಯಬಹುದು. ಆದರೆ ಆ ಹತ್ತು ದಿನ ಲಸಿಕೆ ಹಾಕಿಸಿಕೊಳ್ಳುತ್ತಲೇ ಕಾಯಬೇಕು. ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಚಿಕಿತ್ಸೆಯಿಲ್ಲ.

ಪ್ರಶ್ನೆ: 40 ಮಕ್ಕಳ ತರಗತಿಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬಂದರೆ ಎಲ್ಲರೂ ಬೆರಗಾಗುತ್ತಾರೆ. ಅದು ಅಷ್ಟು ಅಪರೂಪವೇ? — ಪ್ರೌಢಶಾಲಾ ಶಿಕ್ಷಕರು, ಕೊಪ್ಪ

ಬಾರದಿದ್ದರೆ ಬೆರಗಾಗಬೇಕು. 40 ಜನರಲ್ಲಿ ಯಾರಾದರೂ ಇಬ್ಬರದು ಒಂದೇ ದಿನವಾಗುವ ಸಂಭವ ನೂರಕ್ಕೆ 89. 23 ಜನ ಇದ್ದರೇ ಅರ್ಧಕ್ಕಿಂತ ತುಸು ಹೆಚ್ಚು, 57ಕ್ಕೆ ನೂರಕ್ಕೆ 99. ನಾವು ಜನರನ್ನು ಎಣಿಸುತ್ತೇವೆ, ಎಣಿಸಬೇಕಾದ್ದು ಜೋಡಿಗಳನ್ನು. 40 ಜನರಲ್ಲಿ 40 × 39 ÷ 2 = 780 ಜೋಡಿ. ಆದರೆ 'ನನ್ನ ಹುಟ್ಟುಹಬ್ಬವೇ' ಇನ್ನೊಬ್ಬರಿಗೂ ಬರುವ ಸಂಭವ ಆ ತರಗತಿಯಲ್ಲಿ ನೂರಕ್ಕೆ 10 ಮಾತ್ರ, ಮಕ್ಕಳು ಗಲಿಬಿಲಿಗೊಳ್ಳುವುದು ಇಲ್ಲೇ.

ಇದೇ ಆಟವನ್ನು ಅಜ್ಜಂದಿರ ಗುಂಪಿನಲ್ಲಿ ಆಡಬೇಡಿ. ವರ್ಷದ ಎಲ್ಲ ದಿನಗಳೂ ಸಮಾನ ಎಂಬುದು ಈ ಲೆಕ್ಕದ ಆಧಾರ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಮೇಷ್ಟ್ರು ಜೂನ್ 1 ಎಂದು ಬರೆದ ಕಾಲದವರು ಅವರು. ದಾಖಲೆ ನೋಡಿದರೆ ಹತ್ತು ಜನ ಸೇರುವ ಮೊದಲೇ ಜೋಡಿ ಸಿಕ್ಕೀತು!

ಪ್ರಶ್ನೆ: ಬಟ್ಟೆ ಒಗೆದಾಗ ಬೆರಳ ತುದಿ ಸುಕ್ಕಾಗುತ್ತದೆ. ನೀರು ಹೀರಿ ಊದಿಕೊಳ್ಳುವುದೇ? — ಗೃಹಿಣಿ, ತಿಪಟೂರು

ಬಹುಕಾಲ ಹಾಗೆಂದೇ ತಿಳಿದಿದ್ದರು. ಆದರೆ ನರ ತುಂಡಾದ ಬೆರಳು ಎಷ್ಟು ಹೊತ್ತು ನೆನೆದರೂ ಸುಕ್ಕಾಗುವುದಿಲ್ಲ ಎಂಬುದನ್ನು 1930ರ ದಶಕದಲ್ಲೇ ವೈದ್ಯರು ಗಮನಿಸಿದ್ದರು. ನಡೆಯುವುದು ಊತವಲ್ಲ, ಕುಗ್ಗುವಿಕೆ: ನರದ ಆಜ್ಞೆಯಿಂದ ಬೆರಳಿನೊಳಗಿನ ರಕ್ತನಾಳ ಕಿರಿದಾಗಿ, ತಿರುಳು ಇಳಿದು, ಮೇಲಿನ ಚರ್ಮ ಮಡಿಕೆ ಬೀಳುತ್ತದೆ. ಸುಕ್ಕುಬೆರಳಿನವರು ಒದ್ದೆ ಗೋಲಿಗಳನ್ನು ಬೇಗ ಸಾಗಿಸುತ್ತಾರೆ ಎಂದು 2013ರಲ್ಲಿ ಬ್ರಿಟನ್ನಿನ ಪ್ರಯೋಗವೊಂದು ತೋರಿಸಿತು, ಟೈರಿನ ಕಚ್ಚಿನ ಹಾಗೆ. 40 ಡಿಗ್ರಿ ಬೆಚ್ಚನೆ ನೀರಿನಲ್ಲಿ 30 ನಿಮಿಷ ನೆನೆದರೂ ಒಂದೆರಡು ಬೆರಳು ಮಾತ್ರ ನುಣ್ಣಗೇ ಉಳಿದರೆ ನರದ ತೊಂದರೆ ಇರಬಹುದು, ವೈದ್ಯರಿಗೆ ಹೇಳಿ. ಸಕ್ಕರೆ ಕಾಯಿಲೆಯವರು ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಮೊಳಕೈಯಿಂದ ನೋಡಿಕೊಳ್ಳಿ.

ಪ್ರಶ್ನೆ: ಯುಗಾದಿಯಿಂದ ಹಾಡುತ್ತಿರುವುದು ಗಂಡು ಕೋಗಿಲೆಯೋ ಹೆಣ್ಣೋ? ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತದೆ? — ವಿದ್ಯಾರ್ಥಿನಿ, ಕುಂದಾಪುರ

ಕವಿಗಳು ಏನೇ ಹೇಳಲಿ, 'ಕುಹೂ' ಎನ್ನುವುದು ಗಂಡು. ಹೆಣ್ಣಿನದು 'ಕಿಕ್ ಕಿಕ್' ಎಂಬ ಚೀರು. ಚಳಿಗಾಲದಲ್ಲೂ ಇಲ್ಲೇ ಇರುತ್ತದೆ, ಸಂಗಾತಿಯನ್ನು ಕರೆಯುವ ಕಾಲ ಮುಗಿದು ಬಾಯಿ ಮುಚ್ಚಿರುತ್ತದೆ ಅಷ್ಟೆ. ಕಾಗೆಯ ಗೂಡಿನಲ್ಲಿ ಇಟ್ಟ ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಕೆಲವು ದಿನ ಮೊದಲೇ ಒಡೆಯುತ್ತದೆ, ತುತ್ತಿಗೆ ಮೊದಲ ಬಾಯಿ ಇದರದೇ. ಯುರೋಪಿನ ಕುಕ್ಕೂ ಮರಿಯಂತೆ ಆತಿಥೇಯರ ಮೊಟ್ಟೆಗಳನ್ನು ಹೊರದಬ್ಬುವ ಅಭ್ಯಾಸ ಮಾತ್ರ ಇದಕ್ಕೆ ಸಾಮಾನ್ಯವಾಗಿ ಇಲ್ಲ. ಕಾಗೆ ಅಟ್ಟಿಸಿಕೊಂಡು ಹೋಗುತ್ತಿರುವ ಹಕ್ಕಿ ಹೊಳೆಯುವ ಕಪ್ಪಾಗಿದ್ದು ಕಣ್ಣು ಕೆಂಪಗಿದ್ದರೆ ಅದು ಗಂಡು. ಮೈಯೆಲ್ಲ ಕಂದು, ಮೇಲೆ ಬಿಳಿ ಚುಕ್ಕೆ ಚೆಲ್ಲಿದಂತಿದ್ದರೆ ಹೆಣ್ಣು.